ಕೈಗೆ ಕೊಡದ ಉಪ್ಪು

ಹೂಗ್ಯಂ ದಾಟಿ ಕಾಡಿನ ಕಡೆ ಹೊರಳುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೀ ಅಂಗಡಿಯ ಮುಂದಿನ ಟಾರಿನ ಮೇಲೆ ಹುಡುಗರು ಬಣ್ಣದ ಪುಡಿಯಲ್ಲಿ ‘ಹ್ಯಾಪಿ ನ್ಯೂ ಇಯರ್’ ಎಂದು ಬರೆದು, ಸುತ್ತ ಹೂಬಳ್ಳಿ ಬಿಡಿಸಿ, ಮಲಗಲು ಹೋಗಿದ್ದಾರೆ. ಮಗುಚಿಬಿದ್ದ ಕೇಕಿನ ಡಬ್ಬವನ್ನು ನಾಯಿಯೊಂದು ನೆಕ್ಕುತ್ತಿದೆ. ಹೆಗಲ ಮೇಲೆ ಗೋಣಿಚೀಲ ಹೊತ್ತ ಮುದುಕರೊಬ್ಬರು ಆ ಅಕ್ಷರಗಳ ಹತ್ತಿರ ಬಂದು ನಿಲ್ಲುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ರಂಗೋಲಿಯನ್ನು ತುಳಿಯಬಾರದು ಎಂಬುದಷ್ಟೇ ಗೊತ್ತು. ರಸ್ತೆಯಂಚಿನ ಮುಳ್ಳಿಗೆ ಪಂಚೆ ಸಿಕ್ಕಿಸಿಕೊಂಡರೂ ಸರಿ ಎಂದು ಸುತ್ತು ಹಾಕಿ ಬಂದು, ಅವರ ಕೆಲಸ ನೋಡಲು ಜೊತೆಗೆ ಹೊರಟವರಿಗೆ ಹೇಳುತ್ತಾರೆ:

“ಯಾರೋ ಕಷ್ಟಬಿದ್ದು ಬುಟ್ಟವ್ರೆ. ನಾವ್ಯಾಕ್ ಸಾ ತುಳ್ದು ಆಳು ಮಾಡದು?”

ಇವರು ದೊಡ್ಡಸಿದ್ದಯ್ಯ. ವಯಸ್ಸು ಅರವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಅವರು ಲೆಕ್ಕ ಇಟ್ಟಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವುದು ಅವರ ಕೆಲಸ. ಹಾಜರಿಯಲ್ಲಿ ‘ಫೈರ್ ವಾಚರ್’, ಊರಿನ ಬಾಯಲ್ಲಿ ‘ಬೆಂಕಿ ಸಿದ್ದಯ್ಯ’. ಬೆಂಕಿ ಇಡುವವನ ಹೆಸರಿನ ಹಾಗೆ ಕೇಳಿಸುತ್ತದೆ ಎಂದು ಅವರ ಹೆಂಡತಿ ಮಹಾದೇವಮ್ಮನಿಗೆ ಬೇಸರ. “ನೀರ್ ಸಿದ್ದಯ್ಯ ಅನ್ನಕೇನು ಇವರ ಗಂಟೋಯ್ತದಾ?” ಎಂದು ಅವರು ಬುತ್ತಿ ಕಟ್ಟುವಾಗಲೂ ಗೊಣಗುತ್ತಿದ್ದರು. ಬುತ್ತಿಯಲ್ಲಿ ಎರಡು ರಾಗಿ ಮುದ್ದೆ, ಒಂದು ಡಬ್ಬಿ ಉಪ್ಸಾರು.

ಮಳೆಗಾಲ ಹಿಂದೆ ಸರಿದು, ಇಬ್ಬನಿ ಒಣಗಿ, ಗುಡ್ಡದ ಬಾದೆ ಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ಇವರಂಥವರನ್ನು ಅರಣ್ಯ ಇಲಾಖೆಯವರು ದಿನಗೂಲಿಗೆ ಕರೆಯುತ್ತಾರೆ. ಯುಗಾದಿ ಕಳೆದು ಎರಡು ಹದ ಮಳೆ ಬಿದ್ದರೆ ಮನೆಗೆ ಕಳಿಸುತ್ತಾರೆ. ಈ ನಡುವಿನ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಹುಲ್ಲು, ತರಗು ಎಲ್ಲವನ್ನೂ ಕೆರೆದು ಬೋಳು ಮಾಡಿದ ಅಗಲವಾದ ಪಟ್ಟಿಯೊಂದು ಕಾಡಿನ ನಡುವೆ ಹಾದುಹೋಗುತ್ತದೆ. ಅದು ಬೆಂಕಿ ರೇಖೆ. ಒಂದು ಕಡೆ ಹೊತ್ತಿದ ಬೆಂಕಿ ಅದನ್ನು ದಾಟಬಾರದು. ಆದರೆ ಒಂದೇ ಗಾಳಿಗೆ ಅದರ ಮೇಲೆ ಮತ್ತೆ ಎಲೆ ತುಂಬುತ್ತದೆ, ಮತ್ತೆ ಗುಡಿಸಬೇಕು. ಹೊಗೆ ಕಂಡರೆ ಫೋನ್ ಮಾಡಬೇಕು, ಸಿಗ್ನಲ್ ಸಿಗುವುದು ಎರಡು ಬಂಡೆಗಳ ನೆತ್ತಿಯಲ್ಲಿ ಮಾತ್ರ. ಜನ ಬರುವವರೆಗೆ ಹಸಿ ಕೊಂಬೆ ಮುರಿದುಕೊಂಡು ಒಬ್ಬರೇ ಬಡಿಯಬೇಕು. ಹೋದ ವರ್ಷ ಕೊಟ್ಟ ಬೂಟಿನ ಅಟ್ಟೆ ಕರಗಿ ಹೋಗಿ, ಈಗ ಟೈರಿನ ಚಪ್ಪಲಿ. ಬಲಗೈಯ ಚರ್ಮ ಅಂಗೈಯಿಂದ ಮೊಣಕೈವರೆಗೂ ಒಣಗಿದ ಬಾಳೆಪಟ್ಟೆಯ ಹಾಗೆ ಸುಕ್ಕುಗಟ್ಟಿದೆ. ಅದೇನು ಎಂದು ಕೇಳಿದರೆ, “ಬೇಲಿ ಸುಡ್ತು” ಎಂದು ಮಾತು ಮುಗಿಸುತ್ತಾರೆ.

ಆದರೆ ಇವತ್ತು ಅವರ ಹೆಗಲ ಮೇಲಿರುವುದು ಬೆಂಕಿಯ ಸಾಮಾನಲ್ಲ. ಕೊಳ್ಳೇಗಾಲದ ಅಂಗಡಿಯಿಂದ ತಂದ ಕಲ್ಲುಪ್ಪು.

ಈ ಕೆಲಸವನ್ನು ಮೇಲಿನವರು ಯಾರೂ ಅವರಿಗೆ ಹೇಳಿಲ್ಲ. ಯಳಂದೂರು ಕಡೆಯವರಾದ ಅವರ ಮಾವ, ಮಹಾದೇವಮ್ಮನ ಅಪ್ಪ, ಆ ಕಡೆಯ ಬೆಟ್ಟದ ಬುಡದಲ್ಲಿ ಇದೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಅವರಿಂದ ಕಲಿತದ್ದು. ಇಲ್ಲಿ ಕಾಡಿನೊಳಗೂ ಅಂಚಿಗೂ ದನದ ದೊಡ್ಡಿಗಳಿವೆ. ಮುಳ್ಳಿನ ಬೇಲಿ ಸುತ್ತಿ, ರಾತ್ರಿ ದನ ಕೂಡುವ ಜಾಗ. ಹಿಂದೆ ಈ ಗುಡ್ಡವೊಂದರಲ್ಲೇ ಇಪ್ಪತ್ತಕ್ಕೂ ಮೇಲೆ ಇದ್ದವು, ಈಗ ಉಳಿದಿರುವುದು ಏಳು. ಹಳೆಯ ಹುಲ್ಲು ಸುಟ್ಟರೆ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ ಎಂಬ ಆಸೆಗೆ ದೊಡ್ಡಿಯವರು ಕಡ್ಡಿ ಗೀರುವುದುಂಟು. ಮೇಯಿಸಬೇಡಿ ಎಂದವರ ಮೇಲಿನ ಸಿಟ್ಟಿಗೂ ಗೀರುವುದುಂಟು. ಇಷ್ಟು ದೊಡ್ಡ ಕಾಡಿನಲ್ಲಿ ಯಾರ ಜೇಬಿನಲ್ಲಿ ಬೆಂಕಿಪೊಟ್ಟಣ ಇದೆ ಎಂದು ಯಾವ ಜೀಪು ಹುಡುಕಲು ಸಾಧ್ಯ?

ಹಾಗಾಗಿ ಬೆಂಕಿಯ ಕಾಲ ಶುರುವಾಗುವ ಈ ಮೊದಲ ದಿನ ದೊಡ್ಡಸಿದ್ದಯ್ಯ ಒಂದೊಂದೇ ದೊಡ್ಡಿಗೆ ಹೋಗುತ್ತಾರೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಎರಡು ಬೊಗಸೆ ಉಪ್ಪು ಸುರಿಯುತ್ತಾರೆ. ದೊಡ್ಡಿಯವರು ಅದರಲ್ಲಿ ಒಂದು ಹರಳನ್ನು ನಾಲಗೆಗೆ ಇಟ್ಟುಕೊಳ್ಳುತ್ತಾರೆ, ಉಳಿದದ್ದು ದನಕ್ಕೆ. ಅಷ್ಟಾದರೆ ಮಳೆ ಬೀಳುವವರೆಗೆ ಆ ದೊಡ್ಡಿಯಿಂದ ಬೆಂಕಿ ಏಳುವುದಿಲ್ಲ, ಎಲ್ಲಿ ಎದ್ದರೂ ಆ ದೊಡ್ಡಿಯವರು ಕೊಂಬೆ ಹಿಡಿದು ಓಡಿಬರುತ್ತಾರೆ ಎಂದು ಮಾತು ಕೊಟ್ಟ ಹಾಗೆ.

ಇದಕ್ಕೆ ಎರಡೇ ಕಟ್ಟಳೆ. ಉಪ್ಪನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ. ಎರಡನೆಯದು, ಎಲ್ಲ ದೊಡ್ಡಿಯವರೂ ಉಪ್ಪು ಮುಟ್ಟಬೇಕು. ಒಬ್ಬರು ಬಿಟ್ಟರೂ ಉಳಿದವರ ಮಾತು ಕಟ್ಟುವುದಿಲ್ಲ.

“ಒಂದ್ ಕಡೆ ಬೇಲಿ ಕಿತ್ತೋದ್ರೆ ಮೂರ್ ಕಡೆ ಇದ್ದು ಏನ್ ಸಾ ಪ್ರಯೋಜ್ನ?” ಎನ್ನುತ್ತಾರೆ.

ಈ ವರ್ಷ ಒಂದು ಕಡೆ ಬೇಲಿ ಕಿತ್ತಿದೆ. ಅದು ಅವರಿಗೂ ಗೊತ್ತು, ಏಳು ದೊಡ್ಡಿಗೂ ಗೊತ್ತು.

ಕೆಳಗಿನ ದೊಡ್ಡಿಗಳಲ್ಲಿ ಕೆಲಸ ಬೇಗ ಮುಗಿಯುತ್ತದೆ. ಉಪ್ಪು ಸುರಿಯುತ್ತಾರೆ, ನಮಸ್ಕಾರ ಮಾಡುತ್ತಾರೆ, ಒಂದು ಲೋಟ ಟೀ ಕುಡಿಯುತ್ತಾರೆ. ಆದರೆ ಯಾರೂ ಹರಳನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. “ಇರ್ಲಿ ಮಡಗಿರು, ಆಮ್ಯಾಕೆ ನೋಡವು” ಎನ್ನುತ್ತಾರೆ. ಅವರ ಕಣ್ಣು ಒಂದು ಸಲ ಗುಡ್ಡದ ಮೇಲಕ್ಕೆ ಹೋಗಿ ಬರುತ್ತದೆ. ಅಲ್ಲಿರುವುದು ಚಿಕ್ಕಬಸಮ್ಮನ ದೊಡ್ಡಿ.

ಆರನೆಯದು ಪುಟ್ಟಮಾದಪ್ಪನವರದು. ಬಂಡಳ್ಳಿ ಕಡೆ ಹೊಲ ಗದ್ದೆ ಇದ್ದರೂ ದನದ ಮೇಲಿನ ಆಸೆಗೆ ಇಲ್ಲಿ ದೊಡ್ಡಿ ಇಟ್ಟುಕೊಂಡವರು. ಹಲ್ಲುಕಡ್ಡಿ ಕಚ್ಚಿಕೊಂಡು ಬೇಲಿಯ ಹತ್ತಿರ ನಿಂತಿದ್ದಾರೆ.

“ಏನ್ಲಾ ಸಿದ್ದಯ್ಯ, ಒಸ ವರ್ಸ, ಕೇಕ್ ತತ್ತೀಯ ಅಂದ್ಕಂಡ್ರೆ ಇನ್ನೂವೆ ಅದೇ ಉಪ್ಪು ಒತ್ಕಂಡು ತಿರುಗ್ತಿದ್ದೀಯಲ್ಲ!”

“ಕೇಕ್ ತಿಂದು ಕೊಟ್ಟ ಮಾತ ಯಾರ್ ನಂಬಾರು ಮಾದಪ್ಪಾರೆ? ಬಾಯ್ ಸಿಹಿ ಆಯ್ತದೆ, ಮಾತು ಜಾರೋಯ್ತದೆ.”

“ಬಾಯಿಗೇನೂ ಕಮ್ಮಿ ಇಲ್ಲ ನಿಂಗೆ. ಬಾಯಿ ತಗೀಬೇಕಾದ ದಿನ ಮಾತ್ರ ತಗ್ಯಾಕಿಲ್ಲ.”

ದೊಡ್ಡಸಿದ್ದಯ್ಯ ನಗುವುದನ್ನು ನಿಲ್ಲಿಸುತ್ತಾರೆ. ಕಲ್ಲನ್ನು ಪಂಚೆಯ ಅಂಚಿನಿಂದ ಒರೆಸಿ ಉಪ್ಪು ಸುರಿಯುತ್ತಾರೆ.

“ಬಸಮ್ಮ ಮುಟ್ಟಿದ್ಲಾ?” ಪುಟ್ಟಮಾದಪ್ಪ ದನಿ ತಗ್ಗಿಸಿ ಕೇಳುತ್ತಾರೆ.

“ಇನ್ನೂ ಮ್ಯಾಕೆ ಓಗಿಲ್ಲ. ಅವಳ್ದೇ ಕೊನೆ.”

“ನೋಡು, ಒಳಗೊಂದು ಒರಗೊಂದು ಮಾತು ನಂಗೆ ಬರಾಕಿಲ್ಲ. ಅವಳು ಮುಟ್ಟಿದ್ರೆ ನಂದೂ ಮಾತು. ಇಲ್ದಿದ್ರೆ ಇದು ಬರೀ ಉಪ್ಪು. ನನ್ ದನ ನೆಕ್ಕೋತವೆ, ಅಷ್ಟೆ. ಈ ಸಲ ಉಲ್ಲು ನೋಡಿದ್ದೀಯಾ? ಎದೆಮಟ ಬಂದದೆ. ಯಾವನಾದ್ರೂ ಒಂದ್ ಕಡ್ಡಿ ಗೀರುದ್ರೆ ಗಾಳಿ ಇದ್ರಂತೂ ತಮಿಳ್ನಾಡ್ ತಂಕ ಓಯ್ತದೆ.”

ಅದು ನಿಜ. ತಡವಾಗಿ ಸುರಿದ ಮಳೆಗೆ ಗುಡ್ಡದ ಹುಲ್ಲು ಹುಲುಸಾಗಿ ಬೆಳೆದಿದೆ. ಈಗ ಅದೆಲ್ಲ ಒಣಗುತ್ತಿದೆ. ಗಾಳಿ ಬೀಸಿದಾಗ ಇಡೀ ಇಳಿಜಾರು ಪಿಸುಗುಟ್ಟುತ್ತದೆ. ಕೇಳಲು ಹಿತವಾದ ಸದ್ದು, ಆದರೆ ಈ ದೊಡ್ಡಿಗಳಲ್ಲಿ ಯಾರೂ ಅದನ್ನು ಹಿತವೆಂದು ಕೇಳುವುದಿಲ್ಲ.

ಉಪ್ಪಿನ ಚೀಲ ಹೊತ್ತು ದೊಡ್ಡಸಿದ್ದಯ್ಯ ಮುಂದೆ ಹೋದ ಮೇಲೆ ಪುಟ್ಟಮಾದಪ್ಪ ಹೋದ ವರ್ಷದ ಕತೆಯನ್ನು ಹೇಳುತ್ತಾರೆ. ದೊಡ್ಡಸಿದ್ದಯ್ಯ ಆಮೇಲೆ ಅದಕ್ಕೆ ತಮ್ಮ ಒಂದೆರಡು ಮಾತು ಸೇರಿಸಿದರು. ಎರಡನ್ನೂ ಕೂಡಿಸಿದರೆ ಆದದ್ದು ಇಷ್ಟು.

ಹೋದ ಜನವರಿಯ ಮೊದಲ ದಿನ ತುಂತುರು ಮಳೆ. ಚಿಕ್ಕಬಸಮ್ಮನ ದೊಡ್ಡಿಯ ಕಲ್ಲಿನ ಮೇಲೆ ಸುರಿದ ಉಪ್ಪು ಕರಗಿ ಹರಿಯತೊಡಗಿತು. ಅವರ ಮಗ ಶಾಂತರಾಜು ನಗುತ್ತಾ ಬೊಗಸೆ ಒಡ್ಡಿದ. “ಕೊಡು ಮಾವ, ನೀನಿನ್ನೂ ಯಾವ ಕಾಲದಾಗಿದ್ದೀಯ” ಎಂದ. ರಕ್ತಸಂಬಂಧವಲ್ಲ. ಚಿಕ್ಕಬಸಮ್ಮ ಇವರನ್ನು ಅಣ್ಣ ಎನ್ನುತ್ತಿದ್ದರಿಂದ ಅವರ ಮಗನಿಗೆ ಇವರು ಮಾವ. ದೊಡ್ಡಸಿದ್ದಯ್ಯ ಒಂದು ಗಳಿಗೆ ಹಿಂಜರಿದು, ಉಪ್ಪು ಹಾಳಾಗುವುದನ್ನು ನೋಡಲಾರದೆ ಆ ಬೊಗಸೆಗೇ ಸುರಿದುಬಿಟ್ಟರು. ಪಕ್ಕದಲ್ಲಿದ್ದ ಚಿಕ್ಕಬಸಮ್ಮನೂ ಸೇರಿ ಮೂವರೂ ಅದನ್ನು ಅಲ್ಲೇ ಮರೆತರು.

ಶಿವರಾತ್ರಿ ಕಳೆದ ವಾರ ಗುಡ್ಡ ಹೊತ್ತಿಕೊಂಡಿತು. ಎರಡು ದಿನ ಉರಿಯಿತು. ಗಾಳಿ ತಿರುಗಿ ಬೆಂಕಿ ಚಿಕ್ಕಬಸಮ್ಮನ ದೊಡ್ಡಿಯ ಮುಳ್ಳುಬೇಲಿಗೆ ಬಂದಾಗ ದೊಡ್ಡ ದನಗಳೆಲ್ಲ ಮೇಯಲು ಹೋಗಿದ್ದವು. ಒಳಗೆ ಎರಡು ಕರುಗಳನ್ನು ಕಟ್ಟಿದ್ದರು. ಅವುಗಳನ್ನು ಬಿಚ್ಚಲು ಉರಿಯುವ ಬೇಲಿಯೊಳಗೆ ಕೈ ಹಾಕಿದವರು ದೊಡ್ಡಸಿದ್ದಯ್ಯ. ಬಾಳೆಪಟ್ಟೆಯಂತಾದ ಆ ಬಲಗೈ ಆಗಿನದು. ಕರುಗಳು ಉಳಿಯಲಿಲ್ಲ.

ಎಲ್ಲ ಆರಿದ ಮೇಲೆ ಇಲಾಖೆಯ ಜೀಪು ಬಂತು. ಹೊಗೆ ಮೊದಲು ಎಲ್ಲಿ ಎದ್ದಿತು ಎಂದು ಕೇಳಿದರು. ಬಟ್ಟೆ ಸುತ್ತಿದ ಅದೇ ಕೈಯನ್ನು ಎತ್ತಿ ದೊಡ್ಡಸಿದ್ದಯ್ಯ ತೋರಿಸಿದರು. ಚಿಕ್ಕಬಸಮ್ಮನ ದೊಡ್ಡಿಯ ಸ್ವಲ್ಪ ಮೇಲಕ್ಕೆ. ಅವರು ಕಂಡದ್ದು ಅದನ್ನೇ. ಹತ್ತಿರವಿದ್ದ ದೊಡ್ಡಿ ಒಂದೇ, ಅಲ್ಲಿದ್ದ ಗಂಡಾಳು ಒಬ್ಬನೇ. ಶಾಂತರಾಜುವನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಕೆಲವು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಬಂದವನು ಬೇಲಿ ಕಟ್ಟಿಕೊಟ್ಟು, ತಾಯಿಯ ಹತ್ತಿರವೂ ಹೆಚ್ಚು ಮಾತಾಡದೆ, ತಿರುಪ್ಪೂರಿನ ಬನಿಯನ್ ಮಿಲ್ಲಿಗೆ ಹೋದ. ಕೊಳ್ಳೇಗಾಲದ ಕೋರ್ಟಿನಲ್ಲಿ ವಾಯಿದೆ ಇದ್ದಾಗ ಬರುತ್ತಾನೆ, ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಹೋಗುತ್ತಾನೆ.

“ಯಾವ ನನ್ಮಗ ತನ್ ಕರ ತಾನೇ ಸುಟ್ಕಂಡಾನು? ನೀವೇ ಏಳಿ” ಎಂದು ಪುಟ್ಟಮಾದಪ್ಪ ಹಲ್ಲುಕಡ್ಡಿ ಉಗಿಯುತ್ತಾರೆ. ಆಮೇಲೆ ತಾವೇ, “ಆದ್ರೂ ನೋಡ್ದೋರ್ಯಾರು? ಕೋಪದಲ್ಲಿ ಮನ್ಸ ಏನ್ ಬೇಕಾರೂ ಮಾಡ್ತಾನೆ” ಎನ್ನುತ್ತಾರೆ. ಕಾಡಿನ ಬೆಂಕಿ ಆರಿದ ಮೇಲೂ ಹೀಗೆ ಒಳಗೊಳಗೇ ಹೊಗೆಯಾಡುವುದು ಇದೇ: ನೋಡಿದವರು ಯಾರು ಎಂಬ ಮಾತು.

ಬೆಂಕಿ ಹೇಗೆ ಬಿತ್ತು ಎಂಬುದಕ್ಕೆ ದೊಡ್ಡಸಿದ್ದಯ್ಯನ ಬಳಿ ಒಂದೇ ಉತ್ತರ. “ಕೈಗೆ ಕೊಟ್ನಲ್ಲ ಸಾ ಉಪ್ಪ. ಅಲ್ಲೇ ಕೆಟ್ಟೋಯ್ತು.” ವಾದ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಉಪ್ಪಿನ ಮೇಲೆ ಹೊರಿಸಿದರೆ ಮನುಷ್ಯರಲ್ಲಿ ಯಾರನ್ನೂ ಬೈಯಬೇಕಾಗಿಲ್ಲ.

ಮೇಲಿನ ದಾರಿಯಲ್ಲಿ ಸಿಗ್ನಲ್ ಸಿಗುವ ಬಂಡೆಯೊಂದಿದೆ. ಅಲ್ಲಿ ಕೂತು ದೊಡ್ಡಸಿದ್ದಯ್ಯ ನೀರು ಕುಡಿಯುತ್ತಾರೆ. ಹಸಿ ಗೋಣಿ ಸುತ್ತಿದ ಪ್ಲಾಸ್ಟಿಕ್ ಬಾಟಲಿ. ಜೊತೆಗೆ ಹೋದವರ ಜೇಬಿನ ಫೋನು ಅಲ್ಲಿ ಒಂದೇ ಸಮನೆ ಕಿಣಿಗುಟ್ಟತೊಡಗುತ್ತದೆ. ಹೊಸ ವರ್ಷದ ಶುಭಾಶಯಗಳು. ಜಗತ್ತಿಗೆ ಶಾಂತಿ ಸಿಗಲಿ, ಎಲ್ಲರ ಮನಸ್ಸಿನಲ್ಲಿ ಕರುಣೆ ಅರಳಲಿ, ಎಂಥ ಕಷ್ಟ ಬಂದರೂ ಎದ್ದು ನಿಲ್ಲುವ ಶಕ್ತಿ ಬರಲಿ ಎಂದು ಹೂವಿನ ಚಿತ್ರಗಳ ಮೇಲೆ ಬರೆದಿದೆ. ಓದಿ ಹೇಳಿದರೆ ಅವರು ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ.

“ಒಳ್ಳೆ ಮಾತೇಯ. ಕಳ್ಸಿದ್ದು ಯಾರು?”

ಗುರುತಿಲ್ಲದ ನಂಬರು, ಎಲ್ಲರಿಗೂ ಕಳಿಸಿರುತ್ತಾರೆ ಎಂದರೆ ಅವರಿಗೆ ಆಶ್ಚರ್ಯವಾಗುತ್ತದೆ. “ಮೊಕ ನೋಡ್ದಲೇ?” ಎನ್ನುತ್ತಾರೆ. ಬಾಟಲಿಯ ಮುಚ್ಚಳ ತಿರುಗಿಸುತ್ತಾ, “ಅದೂ ಒಂತರಾ ಸುಲಬ” ಎನ್ನುತ್ತಾರೆ. ಅದರಲ್ಲಿ ಕುಹಕವಿಲ್ಲ. ತಮಗೂ ಹಾಗೆ ಕಳಿಸಲು ಬಂದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಅವರು ಇನ್ನು ಹತ್ತಬೇಕಾದ ದಾರಿ ಕಡಿದಾಗಿದೆ.

ಬಂಡೆಯಿಂದಾಚೆಗೆ ಹೋದ ವರ್ಷ ಸುಟ್ಟ ಇಳಿಜಾರು ಶುರುವಾಗುತ್ತದೆ. ದಿಂಡಿಗದ ಮರಗಳು ಅರ್ಧ ಕಪ್ಪಗೆ ನಿಂತಿವೆ. ಕೆಲವುಗಳ ಬುಡದಲ್ಲಿ ಚಿಗುರು ಬಂದಿದೆ. ಆದರೆ ಸುಟ್ಟ ನೆಲದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ನಿಂತದ್ದು ಲಂಟಾನದ ಪೊದೆ. ಮಾರುದ್ದ ಬೆಳೆದು ದಾರಿಯನ್ನು ಮುಚ್ಚಿದೆ. ಅದರ ಮಧ್ಯೆ ಹುಲ್ಲು, ಮೊದಲಿಗಿಂತ ದಟ್ಟವಾಗಿ. ಒಮ್ಮೆ ಸುಟ್ಟ ಕಾಡು ಮತ್ತೊಮ್ಮೆ ಸುಡಲು ಹೆಚ್ಚು ತಯಾರಾಗಿರುತ್ತದೆ. ಮತ್ತೆ ಚಿಗುರುತ್ತದೆ ಬಿಡಿ ಎಂದು ಕೆಳಗಿರುವ ನಾವು ಸಮಾಧಾನ ಹೇಳಿಕೊಳ್ಳುವಾಗ ಏನು ಚಿಗುರುತ್ತದೆ ಎಂದು ಕೇಳುವುದಿಲ್ಲ.

ಚಿಕ್ಕಬಸಮ್ಮ ಸಗಣಿ ಬಾಚುತ್ತಿದ್ದಾರೆ. ಐವತ್ತರ ಆಚೆ ಈಚೆಯ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ತಲೆಗೆ ಟವಲು ಸುತ್ತಿದ್ದಾರೆ. ಬಂದವರನ್ನು ನೋಡುತ್ತಾರೆ. ಮತ್ತೆ ಬಾಚುತ್ತಾರೆ. ಹಿಂದೆಲ್ಲ ಇಲ್ಲಿಗೆ ಬಂದರೆ ಬೇಲಿಯಾಚೆಯಿಂದಲೇ ‘ಬಾ ಅಣ್ಣ’ ಎಂಬ ಕೂಗು ಕೇಳುತ್ತಿತ್ತಂತೆ. ಈಗ ಕೇಳಿಸುವುದು ಪೊರಕೆ ನೆಲಕ್ಕೆ ಉಜ್ಜುವ ಸದ್ದು. ದೊಡ್ಡಿಯಲ್ಲಿ ಒಂಬತ್ತು ದನ, ಎಲ್ಲವೂ ಬರಗೂರು ಕಡೆಯ ಕೆಂಪು ದನಗಳು, ಮೈಮೇಲೆ ಬಿಳಿ ಚುಕ್ಕೆ. ಮೊದಲು ನಲವತ್ತರ ಹತ್ತಿರ ಇದ್ದವು. ಒಬ್ಬರೇ ಕಾಯಲಾಗದೆ ಮಾರಿದ್ದಾರೆ.

ದೊಡ್ಡಸಿದ್ದಯ್ಯ ಚೀಲ ಇಳಿಸುತ್ತಾರೆ. ಬಾಗಿಲ ಪಕ್ಕದ ಕಲ್ಲನ್ನು ಒರೆಸುತ್ತಾರೆ. ಒಂದು ಬೊಗಸೆ ಸುರಿಯುತ್ತಾರೆ.

“ತಕ್ಕೊಂಡೋಗು,” ಚಿಕ್ಕಬಸಮ್ಮ ತಲೆ ಎತ್ತದೆ ಹೇಳುತ್ತಾರೆ.

“ಮಡಗಿದ ಉಪ್ಪ ವಾಪಸ್ ಎತ್ತಬಾರ್ದು ಕನವ್ವ.”

“ಅಂಗಾರೆ ಇನ್ನೊಂದ್ ಬೊಗ್ಸೆ ಮಡಗ್ಬೇಡ.”

ಎರಡನೆಯ ಬೊಗಸೆ ಚೀಲದೊಳಗೇ ಉಳಿಯುತ್ತದೆ. ಪೊರಕೆ ನಿಲ್ಲುತ್ತದೆ.

“ಅವತ್ತು ಜೀಪ್ನೋರಿಗೆ ತೋರ್ಸಿದ್ಯಲ್ಲ, ಯಾವ ಕೈಲಿ ತೋರ್ಸಿದ್ದು?”

ಅವರು ಬಲಗೈಯನ್ನು ಸ್ವಲ್ಪ ಎತ್ತುತ್ತಾರೆ. ಸುಟ್ಟ ಕೈ. ಚಿಕ್ಕಬಸಮ್ಮ ಆ ಕೈಯನ್ನು ನೋಡುತ್ತಾರೆ. ಅದು ಯಾವ ಬೇಲಿಯಲ್ಲಿ ಸುಟ್ಟದ್ದು ಎಂದು ಇಬ್ಬರಿಗೂ ಗೊತ್ತು.

“ಆ ಕೈಲಿ ತಂದ ಉಪ್ಪ ನನ್ ನಾಲ್ಗೆ ಮ್ಯಾಲೆ ಮಡೀಕನಾ?”

“ನಾನು ಒಗೆ ಕಂಡೆ ಕನವ್ವ. ಕಡ್ಡಿ ಕಾಣ್ನಿಲ್ಲ. ಕೊಳ್ಳೇಗಾಲದ ಕೋಲ್ಟ್ನಲ್ಲಿ ನಿಲ್ಸಿ ಕೇಳುದ್ರೂ ಅದ್ನೇ ಏಳದು. ಒಗೆ ಕಂಡೆ, ಕಡ್ಡಿ ಕಾಣ್ನಿಲ್ಲ.”

“ಅದ್ನ ಅವತ್ತೇ ಏಳ್ಬೇಕಾಗಿತ್ತು.”

“ಅವತ್ತು ಅವ್ರು ಕೇಳ್ನಿಲ್ಲ.”

“ಕೇಳ್ದಿದ್ರೆ ನಿಂಗೆ ಬಾಯಿ ಇರ್ನಿಲ್ವಾ?”

ದೊಡ್ಡಸಿದ್ದಯ್ಯ ಚೀಲದ ಬಾಯಿ ಮಡಚುತ್ತಾರೆ. ಬೇಲಿಯ ಹೊರಗೆ, ಕಲ್ಲಿನಿಂದ ಸ್ವಲ್ಪ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಚಿಕ್ಕಬಸಮ್ಮ ಮತ್ತೆ ಬಾಚಲು ಶುರುಮಾಡುತ್ತಾರೆ. ಬಾಚಿದ ಜಾಗವನ್ನೇ ಇನ್ನೊಮ್ಮೆ ಬಾಚುತ್ತಾರೆ. ಬಿಸಿಲು ಗುಡ್ಡದ ನೆತ್ತಿಯಿಂದ ಇಳಿದು ಬೇಲಿಯ ಮುಳ್ಳುಗಳನ್ನು ಮುಟ್ಟುತ್ತದೆ. ಕೆಳಗಿನ ಊರಿನಲ್ಲಿ ಯಾರೋ ಪಟಾಕಿ ಹಚ್ಚಿದ್ದಾರೆ. ಆ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ಒಣಗಡ್ಡಿ ಮುರಿದಂತೆ ಕೇಳಿಸುತ್ತದೆ. ಇಬ್ಬರೂ ಒಂದೇ ಸಲ ಆ ಕಡೆ ತಿರುಗಿ ನೋಡುತ್ತಾರೆ. ಹೊಗೆಗಾಗಿ. ಹೊಗೆ ಇಲ್ಲ.

ದನಗಳು ಮೇಯಲು ಹೋಗುವ ಹೊತ್ತು ಮೀರಿದೆ. ಒಂದು ಕೂಗುತ್ತದೆ, ಇನ್ನೊಂದು ಬೇಲಿಗೆ ಕೊಂಬು ತಿಕ್ಕುತ್ತದೆ. ಚಿಕ್ಕಬಸಮ್ಮ ಪೊರಕೆ ಇಟ್ಟು, ಕೋಲು ತೆಗೆದುಕೊಂಡು, ಬಾಗಿಲಿಗೆ ಅಡ್ಡ ಹಾಕಿದ ಗಳುಗಳನ್ನು ಒಂದೊಂದಾಗಿ ಸರಿಸುತ್ತಾರೆ. ಮುಂದೆ ಬರುವುದು ಕೆಂಚಿ ಎಂಬ ಮುದಿ ಹಸು. ಸತ್ತ ಎರಡು ಕರುಗಳಲ್ಲಿ ಒಂದು ಅದರದು. ಬಾಗಿಲು ದಾಟುತ್ತಿದ್ದಂತೆ ಅದಕ್ಕೆ ಉಪ್ಪಿನ ವಾಸನೆ ಸಿಗುತ್ತದೆ. ನಿಲ್ಲುತ್ತದೆ. ಕುತ್ತಿಗೆ ಚಾಚಿ ಕಲ್ಲಿನ ಕಡೆ ಮೂತಿ ತರುತ್ತದೆ.

ಚಿಕ್ಕಬಸಮ್ಮನ ಕೋಲು ಮೇಲೇಳುತ್ತದೆ.

ದೊಡ್ಡಸಿದ್ದಯ್ಯ ನೆಲ ನೋಡುತ್ತಾ ಕೂತಿದ್ದಾರೆ. ಕೋಲು ಎದ್ದದ್ದನ್ನು ಅವರು ನೋಡಲಿಲ್ಲವೋ, ನೋಡಬಾರದೆಂದು ನೋಡಲಿಲ್ಲವೋ. ಕೆಂಚಿ ನಾಲಗೆ ಚಾಚಿ ನೆಕ್ಕುತ್ತದೆ. ಒರಟು ನಾಲಗೆ ಕಲ್ಲಿಗೆ ಉಜ್ಜುವ ಸದ್ದು. ಹಿಂದಿನ ದನಗಳು ಒತ್ತುತ್ತವೆ, ಅದು ಕದಲುವುದಿಲ್ಲ. ಎದ್ದ ಕೋಲು ಗಾಳಿಯಲ್ಲೇ ಇದ್ದು, ನಿಧಾನವಾಗಿ ಕೆಳಗೆ ಬಂದು, ನೆಲಕ್ಕೆ ಊರುತ್ತದೆ. ಚಿಕ್ಕಬಸಮ್ಮ ಅದರ ಮೇಲೆ ಭಾರ ಬಿಟ್ಟು ಬೇರೆ ಕಡೆ ನೋಡುತ್ತಾ ನಿಲ್ಲುತ್ತಾರೆ. ಹಸು ಕೊನೆಯ ಹರಳಿನವರೆಗೂ ನೆಕ್ಕಿ, ಕಲ್ಲು ಒದ್ದೆಯಾಗಿ ಹೊಳೆಯುವವರೆಗೂ ಕಾಯುತ್ತಾರೆ. ಆಮೇಲೆ ದನಗಳನ್ನು ಹೊಡೆದುಕೊಂಡು ಹುಲ್ಲಿನೊಳಗೆ ಇಳಿದು ಹೋಗುತ್ತಾರೆ. ಸ್ವಲ್ಪ ಹೊತ್ತು ಟವಲು ಸುತ್ತಿದ ತಲೆ ಕಾಣುತ್ತದೆ. ಆಮೇಲೆ ಹುಲ್ಲು ಮಾತ್ರ.

ದೊಡ್ಡಸಿದ್ದಯ್ಯ ಎದ್ದು, ಚೀಲದಲ್ಲಿ ಉಳಿದಿದ್ದ ಎರಡನೆಯ ಬೊಗಸೆಯನ್ನೂ ಆ ಒದ್ದೆ ಕಲ್ಲಿನ ಮೇಲೆ ಸುರಿಯುತ್ತಾರೆ. ಸಂಜೆ ದನ ತಿರುಗಿ ಬರುತ್ತವಲ್ಲ ಎಂಬಂತೆ.

ಇಳಿಯುವ ದಾರಿಯಲ್ಲಿ ಬೆಂಕಿ ರೇ​ಖೆ ಸಿಕ್ಕಿದಲ್ಲಿ ಅಭ್ಯಾಸಬಲದಿಂದ ಕಾಲಿನಲ್ಲೇ ಎಲೆ ಸರಿಸುತ್ತಾ ನಡೆಯುತ್ತಾರೆ. ಇದು ಮುಟ್ಟಿದ ಲೆಕ್ಕವೇ ಎಂದು ಕೇಳಲು ಜೊತೆಗಿದ್ದವರಿಗೆ ಧೈರ್ಯ ಬರುವುದಿಲ್ಲ. ಕೇಳುವ ಕೆಲಸ ಪುಟ್ಟಮಾದಪ್ಪನವರದು. ಅವರು ತಮ್ಮ ದೊಡ್ಡಿಯ ಬಾಗಿಲಲ್ಲೇ ಕಾಯುತ್ತಿದ್ದಾರೆ. ಬೆಳಿಗ್ಗೆ ಸುರಿದ ಉಪ್ಪು ಕಲ್ಲಿನ ಮೇಲೆ ಹಾಗೇ ಇದೆ. ದನಕ್ಕೂ ಬಿಟ್ಟಿಲ್ಲ.

“ಮುಟ್ಟಿದ್ಲಾ?”

ಹೌದು ಎಂದರೆ ಮುಗಿಯುತ್ತದೆ. ಈ ದೊಡ್ಡಿಯಿಂದ ಸುದ್ದಿ ಕೆಳಗಿನ ಐದಕ್ಕೂ ಹೋಗುತ್ತದೆ, ಸಂಜೆಯೊಳಗೆ ಎಲ್ಲರ ನಾಲಗೆಯ ಮೇಲೂ ಹರಳಿರುತ್ತದೆ, ಗುಡ್ಡಕ್ಕೆ ಒಂದು ಬೇಸಿಗೆಯ ಮಟ್ಟಿಗೆ ಕಾವಲು ಸಿಗುತ್ತದೆ. ಮೇಲೆ ಹೋಗಿ ಯಾರೂ ವಿಚಾರಿಸುವುದಿಲ್ಲ.

“ಅವಳು ಮುಟ್ನಿಲ್ಲ” ಎನ್ನುತ್ತಾರೆ ದೊಡ್ಡಸಿದ್ದಯ್ಯ. “ಕೆಂಚಿ ನೆಕ್ತು. ಅವಳು ಓಡುಸ್ನಿಲ್ಲ.”

“ಓಡುಸ್ನಿಲ್ವಾ?”

“ಕೋಲ್ ಎತ್ತುದ್ಲು. ಇಳಿಸ್ಬುಟ್ಲು.”

ಹಾಗಾದರೆ ದೊಡ್ಡಸಿದ್ದಯ್ಯ ಆಗ ಕೋಲನ್ನು ನೋಡಿದ್ದಾರೆ.

ಪುಟ್ಟಮಾದಪ್ಪ ಕಲ್ಲಿನ ಮುಂದೆ ನಿಂತು ಕತ್ತು ತುರಿಸಿಕೊಳ್ಳುತ್ತಾರೆ. ಇಂಥದಕ್ಕೆ ಹಿಂದಿನವರು ಏನೂ ಹೇಳಿಲ್ಲ. ಹಸು ಕೊಟ್ಟ ಮಾತನ್ನು ಎಷ್ಟೆಂದು ಎಣಿಸುವುದು? ಕೊನೆಗೆ ಬಗ್ಗಿ ಒಂದು ದೊಡ್ಡ ಹರಳನ್ನು ಎತ್ತಿ, ಹಲ್ಲಿನಲ್ಲಿ ಕಚ್ಚಿ ಎರಡು ಮಾಡುತ್ತಾರೆ. ಒಂದನ್ನು ನಾಲಗೆಯ ಮೇಲೆ ಉಳಿಸಿಕೊಂಡು ಇನ್ನೊಂದನ್ನು ಕಲ್ಲಿಗೇ ಉಗಿಯುತ್ತಾರೆ.

“ಅರ್ದ ಮಾತು ಕನ್ಲಾ. ಶಿವರಾತ್ರಿ ತಂಕ. ಆಮ್ಯಾಕೆ ಅವಳ್ ಮೊಕ ನೋಡ್ಕಂಡು ಮಿಕ್ಕಿದ್ದು.”

“ಅರ್ದ ಗುಡ್ಡನಾದ್ರೂ ಉಳೀತದೆ ಬುಡಿ.”

“ಯಾವ ಅರ್ದ ಅಂತ ಬೆಂಕಿಗೆ ನೀನೇ ಏಳು” ಎಂದು ಪುಟ್ಟಮಾದಪ್ಪ ನಗುತ್ತಾರೆ. ದೊಡ್ಡಸಿದ್ದಯ್ಯನೂ ನಗುತ್ತಾರೆ. ಇಬ್ಬರ ನಗುವೂ ಬೇಗ ನಿಂತುಹೋಗುತ್ತದೆ, ಏಕೆಂದರೆ ಹೋದ ಸಲ ಬೆಂಕಿ ಬಿದ್ದದ್ದು ಶಿವರಾತ್ರಿ ಕಳೆದ ಮೇಲೆ.

ರಸ್ತೆಗೆ ಬರುವಷ್ಟರಲ್ಲಿ ಬಿಸಿಲು ಏರಿದೆ. ಬೆಳಗಿನ ಬಸ್ಸೂ ಒಂದೆರಡು ಟ್ರ್ಯಾಕ್ಟರುಗಳೂ ಹಾದುಹೋಗಿ ಬಣ್ಣದ ಅಕ್ಷರಗಳು ಕಲಸಿಹೋಗಿವೆ. ಹೂಬಳ್ಳಿಯ ಒಂದು ತುದಿ ಮಾತ್ರ ಗುರುತು ಸಿಗುತ್ತದೆ. ದೊಡ್ಡಸಿದ್ದಯ್ಯ ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಬೆಳಿಗ್ಗೆಯಂತೆಯೇ ಅದನ್ನು ಸುತ್ತಿ ಬರುತ್ತಾರೆ. ನಾಳೆಯಿಂದ ಅವರ ನಡಿಗೆ ಶುರು. ಫೋನಿನಲ್ಲಿ ಬಂದ ಹಾರೈಕೆಗಳನ್ನು ನೆನಪಿಸಿ, ಈ ವರ್ಷಕ್ಕೆ ನಿಮ್ಮದೂ ಒಂದು ಹೇಳಿ ಎಂದರೆ ಅವರು ಬಲಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಾ ಗುಡ್ಡದ ಕಡೆ ನೋಡುತ್ತಾರೆ.

“ಮಳೆ ಬೀಳಗಂಟ ಒಗೆ ಕಾಣ್ದಿದ್ರೆ ಸಾಕು ಸಾ. ಯಾರ್ ಕಡೀಕೂ ಕೈ ಎತ್ತಿ ತೋರ್ಸೋ ಕೆಲ್ಸ ನಂಗೆ ಬರ್ಬಾರ್ದು.”